ಮನೆಯಲ್ಲಿ ಬಿಪಿ ನೋಡುವುದು: ಮೆಷಿನ್ ತಂದರೆ ಸಾಲದು, ಕೂರುವುದೂ ಗೊತ್ತಿರಬೇಕು

ಕಳೆದ ದಸರಾಕ್ಕೆ ತಿಪಟೂರಿನ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಅಮ್ಮ ಮಂಚದ ಅಂಚಿನಲ್ಲಿ ಕೂತು ಬಿಪಿ ನೋಡಿಕೊಳ್ಳುತ್ತಿದ್ದಳು. ಕಾಲು ನೆಲಕ್ಕೆ ಎಟುಕದೆ ತೂಗಾಡುತ್ತಿತ್ತು. ಸ್ವೆಟರ್ ತೋಳಿನ ಮೇಲೆಯೇ ಪಟ್ಟಿ ಸುತ್ತಿದ್ದಳು. ಇನ್ನೊಂದು ಕೈಯಲ್ಲಿ ಕಾಫಿ ಲೋಟ. ಮೆಷಿನ್ ಒಂದು ಕಡೆ ಗುರ್ ಅನ್ನುತ್ತಿದ್ದರೆ, ಇವಳು ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯಾಕೆಗೆ ಕಾಯಿ ಕೀಳುವವನು ಮೂರು ದಿನದಿಂದ ಕೈ ಕೊಡುತ್ತಿರುವ ಕತೆ ಹೇಳುತ್ತಿದ್ದಳು. ಪರದೆಯ ಮೇಲೆ 168/96 ಬಂತು.

"ನೋಡು, ಆ ಮಾತ್ರೆ ಕೆಲಸಾನೇ ಮಾಡ್ತಿಲ್ಲ" ಅಂದಳು.

ಕಾಫಿ ಕುಡಿದು ಮುಗಿಯಲಿ ಅಂತ ಅರ್ಧ ಗಂಟೆ ಬಿಟ್ಟೆ. ಅಪ್ಪನ ಮರದ ಕುರ್ಚಿಯಲ್ಲಿ ಒರಗಿ ಕೂರಿಸಿದೆ. ಸ್ವೆಟರ್ ತೆಗೆಸಿದೆ. ಕೈಯ ಕೆಳಗೆ ದಿಂಬು ಇಟ್ಟೆ. "ಐದು ನಿಮಿಷ ಸುಮ್ನಿರಮ್ಮ" ಅಂದದ್ದಕ್ಕೆ, "ಮಾತಾಡಿದ್ರೆ ಏನೋ ಆಗುತ್ತೆ, ಬಾಯಲ್ಲಿ ನೋಡ್ತೀಯಾ ಬಿಪೀನ" ಅಂತ ಗೊಣಗಿದಳು. ಗೊಣಗಿದ್ದಕ್ಕೆ ಮತ್ತೆ ಐದು ನಿಮಿಷ ಎಣಿಸಿದೆ. ಈ ಸಲ 142/86. ನಡುವೆ ಅವಳು ಯಾವ ಮಾತ್ರೆಯನ್ನೂ ನುಂಗಿರಲಿಲ್ಲ.

ಈಗ ಬಹಳ ಮನೆಗಳಲ್ಲಿ ಬಿಪಿ ಮೆಷಿನ್ ಇದೆ. ಕೋವಿಡ್ ಸಮಯದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಜೊತೆಗೇ ತಂದಿದ್ದು ಎಷ್ಟೋ. ಬಳಸುವ ಕ್ರಮ ಮಾತ್ರ ಯಾರೂ ಹೇಳಿಕೊಡಲಿಲ್ಲ. ನಾನು ಡಾಕ್ಟರಲ್ಲ. ಆದರೆ ಅಮ್ಮನದ್ದು, ಆಮೇಲೆ ನನ್ನದೂ ನೋಡುತ್ತಾ ಒಂದು ವರ್ಷ ಕಳೆದಿದ್ದೇನೆ. ಡಾಕ್ಟರು ತಿದ್ದಿದ್ದನ್ನೆಲ್ಲ ಸೇರಿಸಿ, ಮೊದಲಿಂದ ಕೊನೆಯವರೆಗೆ ಹೇಗೆ ಮಾಡಬೇಕು ಅಂತ ಬರೆಯುತ್ತಿದ್ದೇನೆ.

ಆ ಎರಡು ಸಂಖ್ಯೆ ಏನು

ಹೃದಯ ಒತ್ತಿ ರಕ್ತ ತಳ್ಳುವಾಗ ರಕ್ತನಾಳದ ಗೋಡೆಗೆ ಬೀಳುವ ಒತ್ತಡ ಮೇಲಿನ ಸಂಖ್ಯೆ. ಎರಡು ಬಡಿತದ ನಡುವೆ ಹೃದಯ ಸಡಿಲವಾದಾಗ ಉಳಿದಿರುವ ಒತ್ತಡ ಕೆಳಗಿನದು. ಅಳತೆ ಇವತ್ತಿಗೂ ಪಾದರಸದ ಮಿಲಿಮೀಟರಿನಲ್ಲೇ. 1896ರಲ್ಲಿ ಇಟಲಿಯ ರಿವಾ ರೋಚ್ಚಿ ಎಂಬ ವೈದ್ಯ ತೋಳಿಗೆ ಗಾಳಿಪಟ್ಟಿ ಸುತ್ತಿ, ಅದನ್ನು ಪಾದರಸದ ಕೊಳವೆಗೆ ಜೋಡಿಸಿ ಅಳೆದಿದ್ದ. ಪಟ್ಟಿಗೆ ಅವನು ಬಳಸಿದ್ದು ಸೈಕಲ್ ಟ್ಯೂಬು. 1905ರಲ್ಲಿ ರಷ್ಯಾದ ಕೊರೊಟ್ಕೊವ್ ಸ್ಟೆತಸ್ಕೋಪ್ ಇಟ್ಟು ಶಬ್ದ ಕೇಳುವ ಕ್ರಮ ತಂದ. ಡಾಕ್ಟರು ರಬ್ಬರ್ ಬುಗ್ಗೆ ಒತ್ತಿ, ಕಿವಿಗೊಟ್ಟು ನೋಡುವುದು ಅದನ್ನೇ.

ಮನೆಯ ಮೆಷಿನ್ ಶಬ್ದ ಕೇಳುವುದಿಲ್ಲ. ಗಾಳಿ ಇಳಿಯುವಾಗಲೋ ತುಂಬುವಾಗಲೋ ಪಟ್ಟಿಯೊಳಗೆ ನಾಡಿ ಬಡಿದು ಏಳುವ ಸಣ್ಣ ಕಂಪನಗಳನ್ನು ಹಿಡಿದು ಲೆಕ್ಕ ಹಾಕುತ್ತದೆ. ಕೈ ಅಲುಗಿದರೆ, ಮುಷ್ಟಿ ಬಿಗಿದರೆ ಆ ಅಲುಗಾಟವೂ ಲೆಕ್ಕದೊಳಗೆ ಸೇರಿಬಿಡುತ್ತದೆ. ಅಲುಗಾಡಬೇಡಿ ಅಂತ ಹೇಳುವುದು ಇದಕ್ಕೇ.

ಮೆಷಿನ್ ಕೊಳ್ಳುವಾಗ

ತೋಳಿಗೆ ಸುತ್ತುವುದನ್ನೇ ತನ್ನಿ. ಮಣಿಕಟ್ಟಿನದು ನೋಡಲು ಚೆಂದ, ಬ್ಯಾಗಿನಲ್ಲಿ ಹಿಡಿಯುತ್ತದೆ. ಆದರೆ ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಸಂಖ್ಯೆ ಬದಲಾಗುತ್ತದೆ. ಗಡಿಯಾರದಲ್ಲಿ ಬಿಪಿ ತೋರಿಸುತ್ತೇವೆ ಅನ್ನುವುದನ್ನು ಔಷಧಿಯ ತೀರ್ಮಾನಕ್ಕೆ ನಂಬಬೇಡಿ. ಬ್ಲೂಟೂತ್, ಮಾತಾಡುವ ಮೆಷಿನ್ ಇವೆಲ್ಲ ಇರದಿದ್ದರೂ ನಡೆಯುತ್ತದೆ. ನೆನಪಿನಲ್ಲಿ ಹಳೆಯ ಅಳತೆ ಉಳಿಸಿಕೊಳ್ಳುವ ಸಾದಾ ಮೆಷಿನ್ ಸಾಕು.

ಇದಕ್ಕಿಂತ ಮುಖ್ಯ ಪಟ್ಟಿಯ ಅಳತೆ. ಅಂಗಡಿಯವರು ಇದನ್ನು ಕೇಳುವುದೇ ಇಲ್ಲ. ಬ್ಲೌಸ್ ಹೊಲಿಯುವವರ ಟೇಪು ತೆಗೆದುಕೊಳ್ಳಿ. ಭುಜಕ್ಕೂ ಮೊಣಕೈಗೂ ನಡುವೆ ತೋಳಿನ ಸುತ್ತಳತೆ ನೋಡಿ. ಮಾಮೂಲಿ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂಟಿಮೀಟರ್ ತೋಳಿಗೆ ಹೊಂದುತ್ತದೆ. 34, 36 ಇರುವವರು ಅದನ್ನೇ ಎಳೆದು ಕಟ್ಟಿಕೊಂಡರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಸಣಕಲು ತೋಳಿಗೆ ದೊಡ್ಡ ಪಟ್ಟಿಯಾದರೆ ಕಡಿಮೆ ತೋರಿಸುತ್ತದೆ. ಪಟ್ಟಿಯ ಮೇಲೆಯೇ ಎಷ್ಟರಿಂದ ಎಷ್ಟು ಅಂತ ಅಚ್ಚು ಹಾಕಿರುತ್ತಾರೆ, ಓದಿ. ದೊಡ್ಡ ಪಟ್ಟಿ ಬೇರೆಯಾಗಿ ಸಿಗುತ್ತದೆ.

ತಂದ ಮೇಲೆ ಒಂದು ಸಲ ನಿಮ್ಮ ಡಾಕ್ಟರ ಹತ್ತಿರ ಒಯ್ಯಿರಿ. ಅವರದರಲ್ಲಿ ಒಮ್ಮೆ, ನಿಮ್ಮದರಲ್ಲಿ ಒಮ್ಮೆ ನೋಡಿಸಿ. ಎರಡೂ ಹತ್ತಿರ ಹತ್ತಿರ ಬಂದರೆ ಸರಿ. ವರ್ಷಕ್ಕೊಮ್ಮೆ ಹೀಗೆ ಮಾಡಿದರೆ ಮೆಷಿನ್ ಮೇಲೆ ನಂಬಿಕೆ ಉಳಿಯುತ್ತದೆ. ಇನ್ನೊಂದು: ತಿಂಗಳುಗಟ್ಟಲೆ ಬಳಸುವುದಿಲ್ಲ ಅಂದರೆ ಸೆಲ್ಲು ತೆಗೆದಿಡಿ. ನಮ್ಮ ಮೊದಲ ಮೆಷಿನ್ ಹಾಳಾಗಿದ್ದು ಒಳಗೇ ಸೋರಿ ಹಸಿರು ಕಟ್ಟಿದ ಸೆಲ್ಲಿನಿಂದ.

ಕೂರುವುದು

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ನೋಡುವ ಅರ್ಧ ಗಂಟೆ ಮುಂಚೆ ಕಾಫಿ, ಟೀ, ಸಿಗರೇಟು, ಬೀಡಿ ಬೇಡ. ವಾಕಿಂಗ್ ಮುಗಿಸಿ ಬಂದವರು, ಮೆಟ್ಟಿಲು ಹತ್ತಿ ಬಂದವರು, ಸ್ನಾನ ಮಾಡಿ ಬಂದವರು ಸುಧಾರಿಸಿಕೊಳ್ಳಬೇಕು. ಮೂತ್ರಕ್ಕೆ ಹೋಗಿಬನ್ನಿ. ತಡೆದುಕೊಂಡು ಕೂತರೆ ಮೇಲಿನ ಸಂಖ್ಯೆ ಹತ್ತು ಅಂಕದವರೆಗೂ ಏರಬಹುದು.

ಬೆನ್ನಿಗೆ ಒರಗುವ ಕುರ್ಚಿ ಬೇಕು. ಮಂಚದ ಅಂಚು, ಸ್ಟೂಲು, ಅಡುಗೆಮನೆ ಕಟ್ಟೆ ಬೇಡ. ನಮ್ಮಲ್ಲಿ ಹಿರಿಯರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನೋಡಿಕೊಳ್ಳುತ್ತಾರೆ, ಅದೂ ಬೇಡ. ಎರಡೂ ಪಾದ ನೆಲಕ್ಕೆ ತಾಗಿರಬೇಕು. ಎಟುಕದಿದ್ದರೆ ಒಂದು ಮಣೆ ಹಾಕಿ. ನಮ್ಮಮ್ಮನಿಗೆ ಈಳಿಗೆ ಮಣೆ ಬಿಟ್ಟು ಬೇರೆ ಮಣೆ ಹುಡುಕುವುದೇ ಒಂದು ಕೆಲಸವಾಯಿತು. ಕಾಲ ಮೇಲೆ ಕಾಲು ಹಾಕಬೇಡಿ.

ತೋಳು ಬರಿದಾಗಿರಬೇಕು. ಬಿಗಿ ಬ್ಲೌಸಿನ ತೋಳನ್ನು ಮೇಲಕ್ಕೆ ಮಡಚಿದರೆ ಅದೇ ಇನ್ನೊಂದು ಪಟ್ಟಿಯ ಹಾಗೆ ಬಿಗಿಯುತ್ತದೆ. ಅದಕ್ಕಿಂತ ಸಡಿಲ ನೈಟಿಯೋ, ಅರ್ಧ ತೋಳಿನ ಅಂಗಿಯೋ ವಾಸಿ. ಪಟ್ಟಿಯ ಕೆಳಗಿನ ಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಿರಲಿ. ರಬ್ಬರ್ ಕೊಳವೆ ತೋಳಿನ ಒಳಬದಿಯಿಂದ ಅಂಗೈ ಕಡೆಗೆ ಇಳಿಯಲಿ. ಪಟ್ಟಿಯೊಳಗೆ ಒಂದೆರಡು ಬೆರಳು ತೂರುವಷ್ಟು ಸಡಿಲವಿದ್ದರೆ ಸರಿ.

ಕೈಯನ್ನು ಮೇಜಿನ ಮೇಲಿಡಿ. ಪಟ್ಟಿ ಎದೆಯ ಮಟ್ಟಕ್ಕೆ ಬರುವಂತೆ ಕೆಳಗೆ ದಿಂಬೋ ಮಡಚಿದ ಟವೆಲ್ಲೋ ಇಡಿ. ಪಟ್ಟಿ ಹೃದಯಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗಿದ್ದರೆ ಏಳೆಂಟು ಅಂಕ ಜಾಸ್ತಿ ತೋರಿಸುತ್ತದೆ. ನೀರಿನ ಟ್ಯಾಂಕಿನ ಲೆಕ್ಕವೇ ಇದು: ಕೆಳಗಿನ ನಲ್ಲಿಯಲ್ಲಿ ರಭಸ ಜಾಸ್ತಿ. ಕೈಯನ್ನು ಗಾಳಿಯಲ್ಲಿ ಚಾಚಿ ನೀವೇ ಹಿಡಿದುಕೊಂಡರೆ ಸ್ನಾಯು ಬಿಗಿದು ಅದೂ ಸೇರುತ್ತದೆ.

ಆಮೇಲೆ ಐದು ನಿಮಿಷ ಸುಮ್ಮನೆ. ಮೊಬೈಲ್ ಬೇಡ, ಟಿವಿ ಸುದ್ದಿಯಂತೂ ಬೇಡವೇ ಬೇಡ. ಮಾತಾಡುತ್ತಾ ನೋಡಿದರೆ ಹತ್ತು ಅಂಕ ಏರುವುದು ತೀರಾ ಮಾಮೂಲು. ಪಕ್ಕದಲ್ಲಿ ನಿಂತವರು ಕೂಡ "ಎಷ್ಟು ಬಂತು, ಎಷ್ಟು ಬಂತು" ಅನ್ನಬಾರದು. ನಮ್ಮಪ್ಪನನ್ನು ಈ ಸಮಯದಲ್ಲಿ ಜಗಲಿಗೆ ಕಳಿಸುವ ಪದ್ಧತಿ ಇದೆ.

ಮೊದಲ ದಿನ ಎರಡೂ ತೋಳಿನಲ್ಲಿ ನೋಡಿ. ಸ್ವಲ್ಪ ಹೆಚ್ಚುಕಮ್ಮಿ ಎಲ್ಲರಿಗೂ ಇರುತ್ತದೆ. ಯಾವುದರಲ್ಲಿ ಜಾಸ್ತಿ ಬಂತೋ ಮುಂದೆ ಯಾವಾಗಲೂ ಅದೇ ತೋಳು. ನೋಡಿದಾಗಲೆಲ್ಲ ಹದಿನೈದು ಅಂಕಕ್ಕಿಂತ ಜಾಸ್ತಿ ವ್ಯತ್ಯಾಸ ಬರುತ್ತಿದ್ದರೆ ಡಾಕ್ಟರಿಗೆ ಹೇಳಿ, ರಕ್ತನಾಳದಲ್ಲಿ ಏನಾದರೂ ಅಡ್ಡಿ ಇದೆಯೇ ಅಂತ ನೋಡುತ್ತಾರೆ.

ಏಳು ದಿನದ ಲೆಕ್ಕ

ನನ್ನದೇ ಕತೆ ಹೇಳುತ್ತೇನೆ. ಆಫೀಸಿನಲ್ಲಿ ಆರೋಗ್ಯ ತಪಾಸಣೆ ಇತ್ತು. ಲಿಫ್ಟ್ ಕೆಟ್ಟು ಮೂರು ಮಹಡಿ ಹತ್ತಿ ಹೋಗಿದ್ದೆ, ಹಿಂದೆ ಇಪ್ಪತ್ತು ಜನರ ಸಾಲು. ಕುರ್ಚಿಗೆ ಕೂತ ಕೂಡಲೇ ಅಂಗಿಯ ಮೇಲೇ ಪಟ್ಟಿ ಸುತ್ತಿ, 152/98 ಅಂತ ಬರೆದು, ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕಳಿಸಿದರು. ಒಂದು ವಾರ ಸರಿಯಾಗಿ ನಿದ್ದೆ ಬರಲಿಲ್ಲ. ಗೂಗಲ್ ಮಾಡಿ ಮಾಡಿ ಇನ್ನಷ್ಟು ಏರಿಸಿಕೊಂಡೆ.

ಬಿಪಿ ನಿಂತ ನೀರಲ್ಲ. ದಿನವಿಡೀ ಏರುತ್ತಾ ಇಳಿಯುತ್ತಾ ಇರುತ್ತದೆ. ನಿದ್ದೆಯಲ್ಲಿ ಇಳಿಯುತ್ತದೆ, ಬೆಳಗ್ಗೆ ಏಳುವ ಹೊತ್ತಿಗೆ ಏರುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸು ನಿಂತಾಗ ಎಷ್ಟಿರುತ್ತದೋ ದೇವರಿಗೇ ಗೊತ್ತು. ಕೆಲವರಿಗೆ ಬಿಳಿ ಕೋಟು ಕಂಡರೆ ಸಾಕು, ಏರುತ್ತದೆ. ಮನೆಯಲ್ಲಿ ನೋಡಿದರೆ ಸರಿ ಇರುತ್ತದೆ. ಇನ್ನು ಕೆಲವರದು ಉಲ್ಟಾ. ಆಸ್ಪತ್ರೆಯಲ್ಲಿ ಸರಿ, ಉಳಿದ ಹೊತ್ತಿನಲ್ಲಿ ಜಾಸ್ತಿ. ಈ ಎರಡನೆಯದೇ ಅಪಾಯ, ಯಾಕೆಂದರೆ ಯಾರಿಗೂ ಗೊತ್ತಾಗುವುದಿಲ್ಲ. ಬಿಪಿ ಜಾಸ್ತಿಯಾದರೆ ತಲೆನೋವು ಬಂದೇ ಬರುತ್ತದೆ ಅನ್ನುವುದು ತಪ್ಪು. ಬಹಳ ಜನಕ್ಕೆ ವರ್ಷಗಟ್ಟಲೆ ಏನೂ ಅನ್ನಿಸುವುದಿಲ್ಲ.

ಅದಕ್ಕೇ ಒಂದು ಸಲದ ಸಂಖ್ಯೆ ಬಿಟ್ಟು ಒಂದು ವಾರದ ಸಂಖ್ಯೆ ನೋಡಬೇಕು. ಕ್ರಮ ಹೀಗಿದೆ.

ಬೆಳಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದ ಮೇಲೆ, ತಿಂಡಿಗೂ ಬಿಪಿ ಮಾತ್ರೆಗೂ ಮುಂಚೆ ಎರಡು ಸಲ ನೋಡಿ. ನಡುವೆ ಒಂದು ನಿಮಿಷ ಬಿಡಿ. ರಾತ್ರಿ ಊಟಕ್ಕೆ ಮುಂಚೆಯೋ ಮಲಗುವ ಮುಂಚೆಯೋ, ದಿನಾ ಒಂದೇ ಹೊತ್ತಿಗೆ, ಹಾಗೇ ಎರಡು ಸಲ. ಹೀಗೆ ಏಳು ದಿನ. ಮೊದಲ ದಿನದ್ದನ್ನು ಬಿಟ್ಟುಬಿಡಿ, ಹೊಸದರ ಗಾಬರಿ ಅದರಲ್ಲಿರುತ್ತದೆ. ಉಳಿದ ಆರು ದಿನದ 24 ಮೇಲಿನ ಸಂಖ್ಯೆ ಕೂಡಿ 24ರಿಂದ ಭಾಗಿಸಿ. ಕೆಳಗಿನದ್ದಕ್ಕೂ ಹಾಗೇ.

ಆ ಸರಾಸರಿ 135/85 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬಿಪಿ ಇದೆ ಅಂತ ಲೆಕ್ಕ. ಆಸ್ಪತ್ರೆಯಲ್ಲಿ ಬಳಸುವ ಗೆರೆ 140/90. ಮನೆಯಲ್ಲಿ ಆರಾಮವಾಗಿರುತ್ತೇವೆ ಅಂತ ಮನೆಯ ಗೆರೆ ಐದು ಅಂಕ ಕೆಳಗೆ. ಅಮೆರಿಕದವರು 2017ರಲ್ಲಿ ಗೆರೆಯನ್ನು 130/80ಕ್ಕೆ ಇಳಿಸಿದರು, ಹಾಗಾಗಿ ಅಲ್ಲಿರುವ ಮಗನಿಗೂ ಇಲ್ಲಿರುವ ಅಪ್ಪನಿಗೂ ಫೋನಿನಲ್ಲಿ ಜಗಳ ಬರುವುದುಂಟು. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರಿಗೆ, ತುಂಬಾ ವಯಸ್ಸಾದವರಿಗೆ ಎಷ್ಟಿರಬೇಕು ಅನ್ನುವುದನ್ನು ಅವರವರ ಡಾಕ್ಟರೇ ಹೇಳಬೇಕು.

ಬರೆಯುವಾಗ ಮೋಸ ಬೇಡ. 137 ಬಂದದ್ದನ್ನು 130 ಅಂತ ದುಂಡಗೆ ಮಾಡುವುದು, ಜಾಸ್ತಿ ಬಂದರೆ ಇಳಿಯುವವರೆಗೆ ಒತ್ತುತ್ತಲೇ ಇರುವುದು, ಚೆನ್ನಾಗಿರುವುದನ್ನು ಮಾತ್ರ ಬರೆಯುವುದು, ಇವೆಲ್ಲ ನಾನೂ ಮಾಡಿದ್ದೇನೆ. ನೋಡುವ ಮುಂಚೆ ಹತ್ತು ನಿಮಿಷ ಪ್ರಾಣಾಯಾಮ ಮಾಡಿ ಸಂಖ್ಯೆ ಇಳಿಸಿಕೊಂಡು ಖುಷಿಪಟ್ಟವರೂ ನಮ್ಮ ಮನೆಯಲ್ಲೇ ಇದ್ದಾರೆ. ಪರೀಕ್ಷೆಗೆ ಕಾಪಿ ಹೊಡೆದ ಹಾಗೆ ಅದು.

ನನ್ನ ವಾರದ ಸರಾಸರಿ 128/82 ಬಂತು. ಅಮ್ಮನದು 138/84.

ವಾರ ಮುಗಿದ ಮೇಲೆ ದಿನಾ ನೋಡುವುದು ಬೇಡ. ಎಲ್ಲ ಹತೋಟಿಯಲ್ಲಿದ್ದರೆ ವಾರಕ್ಕೊಂದೆರಡು ದಿನ, ಡಾಕ್ಟರ ಹತ್ತಿರ ಹೋಗುವ ಮುಂಚಿನ ವಾರ ಮತ್ತೆ ಪೂರ್ತಿ. ದಿನಕ್ಕೆ ಹತ್ತು ಸಲ ನೋಡುವ ಚಟ ಹತ್ತಿದರೆ ಮೆಷಿನ್ನೇ ಬಿಪಿ ಏರಿಸುತ್ತದೆ.

ಯಾವಾಗ ಕಾಯಬಾರದು

ಪರದೆಯಲ್ಲಿ 180/120 ಅಥವಾ ಅದಕ್ಕಿಂತ ಜಾಸ್ತಿ ಬಂತು ಅಂದುಕೊಳ್ಳಿ. ಐದು ನಿಮಿಷ ಸುಮ್ಮನೆ ಕೂತು ಮತ್ತೆ ನೋಡಿ. ಜೊತೆಗೆ ಎದೆನೋವು, ಉಸಿರು ಕಟ್ಟುವುದು, ಬಾಯಿ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ತಡೆಯಲಾಗದ ತಲೆನೋವು ಇವುಗಳಲ್ಲಿ ಯಾವುದೇ ಇದ್ದರೂ ಮತ್ತೆ ನೋಡುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಮೆಷಿನ್ 140 ತೋರಿಸುತ್ತಿದ್ದರೂ ಅಷ್ಟೇ, ಈ ಲಕ್ಷಣಗಳಿದ್ದರೆ ಆಸ್ಪತ್ರೆಗೇ ಹೋಗಬೇಕು.

ಲಕ್ಷಣ ಏನೂ ಇಲ್ಲ, ಸಂಖ್ಯೆ ಮಾತ್ರ ಹಾಗೇ ನಿಂತಿದೆ ಅಂದರೆ ಅವತ್ತೇ ಡಾಕ್ಟರನ್ನು ಕೇಳಿ. ಮಾತ್ರೆಯನ್ನು ನಾಲಿಗೆ ಕೆಳಗೆ ಇಟ್ಟು ಗಬಕ್ಕನೆ ಇಳಿಸುವುದು, ಇನ್ನೊಂದು ಮಾತ್ರೆ ಹೆಚ್ಚಿಗೆ ನುಂಗುವುದು, ಅತ್ತೆಯ ಮಾತ್ರೆಯನ್ನು ಸೊಸೆಗೆ ಕೊಡುವುದು ಬೇಡ. ಬಿಪಿ ಒಮ್ಮೆಲೇ ಕುಸಿದರೆ ಮೆದುಳಿಗೆ, ಹೃದಯಕ್ಕೆ ರಕ್ತ ಸಾಲದೆ ಹೋಗಬಹುದು.

ಗರ್ಭಿಣಿಯರ ವಿಷಯವೇ ಬೇರೆ. ಅವರಿಗೆ 140/90 ಬಂದರೇ ಅವತ್ತೇ ತೋರಿಸಬೇಕು, ವಾರದ ಲೆಕ್ಕ ಹಾಕುತ್ತಾ ಕೂರುವಂತಿಲ್ಲ.

ವಯಸ್ಸಾದವರು ಎದ್ದ ಕೂಡಲೇ ತಲೆ ಸುತ್ತುತ್ತದೆ ಅಂದರೆ ಕೂತಾಗ ಒಮ್ಮೆ, ಎದ್ದು ನಿಂತು ಒಂದು ನಿಮಿಷಕ್ಕೆ ಒಮ್ಮೆ, ಮೂರನೇ ನಿಮಿಷಕ್ಕೆ ಇನ್ನೊಮ್ಮೆ ನೋಡಿ, ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡಿರಲಿ. ಮೇಲಿನದು ಇಪ್ಪತ್ತು ಅಥವಾ ಕೆಳಗಿನದು ಹತ್ತು ಇಳಿದರೆ ಡಾಕ್ಟರಿಗೆ ಹೇಳಬೇಕು. ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವುದರ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಇನ್ನು, ಪರದೆಯಲ್ಲಿ ಹೃದಯದ ಗುರುತು ಮತ್ತೆ ಮತ್ತೆ ಮಿನುಗಿದರೆ ನಾಡಿ ತಾಳ ತಪ್ಪುತ್ತಿದೆಯೇನೋ ಅಂತ ಅರ್ಥ. ಅಂಥವರಿಗೆ ಈ ಮೆಷಿನ್ನಿನ ಸಂಖ್ಯೆಯೂ ಸರಿ ಬರದಿರಬಹುದು. ಇಸಿಜಿ ಮಾಡಿಸುವುದು ಒಳ್ಳೆಯದು.

ಏರಿಸುತ್ತಿರುವುದು ಯಾವುದು

ಅಮ್ಮನ 138/84 ನೋಡಿ ಊರಿನ ಡಾಕ್ಟರು ಮಾತ್ರೆ ಜಾಸ್ತಿ ಮಾಡಲಿಲ್ಲ. "ಬೇರೆ ಏನೇನು ತಗೋತೀರಮ್ಮ?" ಅಂತ ಕೇಳಿದರು. ಏನೂ ಇಲ್ಲ ಅಂದಳು. ಮನೆಗೆ ಬಂದು ನಾನು ಅವಳ ಪರ್ಸು, ದೇವರ ಮನೆಯ ಗೂಡು, ದಿಂಬಿನ ಕೆಳಗೆ ಎಲ್ಲ ಜಾಲಾಡಿದೆ. ಮಂಡಿನೋವಿಗೆ ಅಂಗಡಿಯಿಂದ ತಂದ ಡೈಕ್ಲೊಫೆನಾಕ್ ಮಾತ್ರೆಯ ಅರ್ಧ ಪಟ್ಟಿ ಸಿಕ್ಕಿತು. ಜೊತೆಗೆ ಕೆಮ್ಮಿಗೆ ದಿನಾ ಬಾಯಲ್ಲಿ ಇಟ್ಟುಕೊಳ್ಳುವ ಜ್ಯೇಷ್ಠಮಧು. ಅವಳ ಲೆಕ್ಕದಲ್ಲಿ ಇವೆರಡೂ ಔಷಧಿಯೇ ಅಲ್ಲ.

ಡೈಕ್ಲೊಫೆನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಗಳು ಉಪ್ಪು ನೀರನ್ನು ಮೈಯಲ್ಲಿ ಹಿಡಿದಿಟ್ಟು ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಯ ಕೆಲಸಕ್ಕೂ ಅಡ್ಡ ಬರುತ್ತವೆ. ಜ್ಯೇಷ್ಠಮಧು ದಿನಾ ಜಾಸ್ತಿ ತಿಂದರೆ ಪೊಟ್ಯಾಸಿಯಂ ಇಳಿಸಿ ಬಿಪಿ ಏರಿಸುತ್ತದೆ. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಶೀತದ ಮಾತ್ರೆಗಳದೂ ಇದೇ ಗುಣ. ಗ್ಯಾಸಿಗೆ ಅಂತ ನೊರೆ ಬರಿಸಿ ಕುಡಿಯುವ ಪುಡಿಯಲ್ಲಿ ಸೋಡಿಯಂ ತುಂಬಿರುತ್ತದೆ. ಹಾಗಾಗಿ ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಪಟ್ಟಿ, ಪುಡಿ, ಲೇಹ್ಯ, ಕಷಾಯ ಎಲ್ಲವನ್ನೂ ಒಂದು ಕವರಿಗೆ ಹಾಕಿ ಒಯ್ಯಿರಿ.

ಗಿಡಮೂಲಿಕೆ ತಾನೇ, ಏನಾಗುತ್ತೆ ಅನ್ನುವವರಿಗೆ ಸರ್ಪಗಂಧಿಯ ಮಾತು ಹೇಳಬೇಕು. ನಮ್ಮ ಕಾಡುಗಳಲ್ಲೇ ಬೆಳೆಯುವ ಈ ಗಿಡದ ಬೇರು ಬಿಪಿ ಇಳಿಸುತ್ತದೆ ಅಂತ 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ ಬ್ರಿಟನ್ನಿನ ಹೃದಯ ಪತ್ರಿಕೆಯಲ್ಲಿ ಬರೆದರು. ಆಮೇಲೆ ಅದರಿಂದ ರಿಸರ್ಪಿನ್ ಎಂಬ ಔಷಧಿ ಬೇರ್ಪಡಿಸಿ ಜಗತ್ತೆಲ್ಲ ಬಳಸಿತು. ಅದು ನಿಜವಾಗಿ ಕೆಲಸ ಮಾಡಿತ್ತು, ಹಾಗೇ ಕೆಲವರಿಗೆ ಮನಸ್ಸು ಕುಗ್ಗಿಸುವಂಥ ಅಡ್ಡಪರಿಣಾಮವೂ ಇತ್ತು. ಬೇರಿನಲ್ಲಿ ಔಷಧಿ ಇದೆ ಅಂದಮೇಲೆ ಅದಕ್ಕೂ ಅಳತೆ ಬೇಕು, ಅಲ್ವಾ?

ಉಪ್ಪಿನ ಪ್ಯಾಕೆಟ್ಟಿನ ಮೇಲೆ ತಾರೀಖು

"ನಾವು ಉಪ್ಪು ಕಮ್ಮೀನೇ ತಿನ್ನೋದು" ಅಂತ ಹೇಳದ ಮನೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಹತ್ತಿರ ಹತ್ತಿರ ಒಂದು ಟೀ ಚಮಚ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ (ಐಸಿಎಂಆರ್) ಸೇರಿದ, ಬೆಂಗಳೂರಿನಲ್ಲಿರುವ ಸಂಸ್ಥೆಯೊಂದು ನಡೆಸಿದ ದೇಶದ ಸಮೀಕ್ಷೆಯಲ್ಲಿ ನಾವು ತಿನ್ನುವುದು ದಿನಕ್ಕೆ ಸುಮಾರು 8 ಗ್ರಾಂ ಅಂತ ಬಂದಿದೆ.

ನಿಮ್ಮ ಮನೆಯದು ಎಷ್ಟು ಅಂತ ತಿಳಿಯಲು ಸುಲಭದ ದಾರಿ ಇದೆ. ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ಖಾಲಿಯಾದ ದಿನ ಎಣಿಸಿ. ನಾಲ್ಕು ಜನರ ಮನೆಯಲ್ಲಿ ಒಂದು ಕೆಜಿ ಒಂದು ತಿಂಗಳಿಗೆ ಮುಗಿದರೆ ತಲೆಗೆ ದಿನಕ್ಕೆ 8 ಗ್ರಾಂ ದಾಟಿತು. 5 ಗ್ರಾಂ ಆಗಬೇಕಾದರೆ ಅದೇ ಪ್ಯಾಕೆಟ್ 50 ದಿನ ಬರಬೇಕು. ಬಸಿದು ಚೆಲ್ಲುವ ನೀರಿನಲ್ಲಿ ಸ್ವಲ್ಪ ಹೋಗುತ್ತದೆ ಅನ್ನಿ. ಆದರೆ ಹೊರಗೆ ತಿನ್ನುವುದು ಇದಕ್ಕೆ ಸೇರಿಯೇ ಇಲ್ಲ: ಬೇಕರಿಯ ಖಾರ ಬನ್ನು, ನಿಪ್ಪಟ್ಟು, ಕಾಂಗ್ರೆಸ್ ಕಡಲೆಬೀಜ, ಹೋಟೆಲ್ಲಿನ ಸಾಂಬಾರು, ಚಿಪ್ಸು.

ನಮ್ಮ ಅಪ್ಪ ಅಮ್ಮ ಇಬ್ಬರೇ. ಅವರ ಪ್ಯಾಕೆಟ್ 52 ದಿನಕ್ಕೆ ಮುಗಿಯಿತು. ತಲೆಗೆ ಒಂಬತ್ತೂವರೆ ಗ್ರಾಂ. ಅಮ್ಮ ನಂಬಲಿಲ್ಲ, ಇನ್ನೊಂದು ಪ್ಯಾಕೆಟ್ಟಿನ ಮೇಲೂ ತಾರೀಖು ಬರೆದಳು.

ಎಲ್ಲಿ ಕಡಿಮೆ ಮಾಡುವುದು? ಸಾರು, ಹುಳಿಯಲ್ಲಿ ಒಮ್ಮೆಲೇ ಅರ್ಧ ಮಾಡಿದರೆ ಮನೆಯಲ್ಲಿ ದಂಗೆ ಏಳುತ್ತದೆ. ಮೊದಲು ಮೇಲುಪ್ಪು ನಿಲ್ಲಿಸಿ. ಊಟದ ಎಲೆಯ ತುದಿಗೆ ಉಪ್ಪು ಬಡಿಸುವುದು, ಮೊಸರನ್ನಕ್ಕೆ ಚಿಟಿಕೆ, ಮಜ್ಜಿಗೆಗೆ ಚಿಟಿಕೆ, ಸೀಬೆಕಾಯಿಗೆ ಉಪ್ಪುಖಾರ, ಅನ್ನ ಬೇಯಿಸುವಾಗ, ಚಪಾತಿ ಹಿಟ್ಟಿಗೆ. ಆಮೇಲೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ. ಕರಾವಳಿಯವರಾದರೆ ಒಣಮೀನು. ನಮ್ಮಲ್ಲಿ ಜಗಳ ನಡೆದದ್ದು ಉಪ್ಪಿನಕಾಯಿಯ ಮೇಲೆ. ಕೊನೆಗೆ ಭಾನುವಾರಕ್ಕೊಂದು ಮಿಡಿ ಅಂತ ಒಪ್ಪಂದವಾಯಿತು. ಅಪ್ಪ ಬುಧವಾರವೂ ತಿನ್ನುತ್ತಾರೆ ಅಂತ ನನಗೆ ಗುಮಾನಿ. ರುಚಿಗೆ ನಿಂಬೆಹುಳಿ, ಹಸಿ ಶುಂಠಿ, ಕರಿಬೇವಿನ ಒಗ್ಗರಣೆ ಜಾಸ್ತಿ ಮಾಡಿದರೆ ಕೆಲವು ವಾರದಲ್ಲಿ ನಾಲಿಗೆ ಒಗ್ಗುತ್ತದೆ.

ಸೈಂಧವ ಲವಣ, ಗುಲಾಬಿ ಉಪ್ಪು ಬಳಸಿದರೆ ಬಿಪಿ ಏರುವುದಿಲ್ಲ ಅನ್ನುವುದು ಸುಳ್ಳು. ಅದೂ ಸೋಡಿಯಂ ಕ್ಲೋರೈಡೇ, ಮೇಲಾಗಿ ಅಯೋಡಿನ್ ಬೆರೆಸಿರುವುದಿಲ್ಲ. ಕಡಿಮೆ ಸೋಡಿಯಂ ಉಪ್ಪು ಅಂತ ಬರುವುದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕೆಲವರಿಗೆ ಒಳ್ಳೆಯದೇ, ಆದರೆ ಕಿಡ್ನಿ ತೊಂದರೆ ಇರುವವರು, ಪೊಟ್ಯಾಸಿಯಂ ಏರಿಸುವ ಬಿಪಿ ಮಾತ್ರೆ ತಿನ್ನುವವರು ಕೇಳದೆ ಬಳಸಬಾರದು.

ಟೆನ್ಷನ್ನಿನ ಪಾಲು

"ಟೆನ್ಷನ್ನಿಂದ ಬಿಪಿ ಬಂತು" ಅಂತೀವಿ. ಸಿಟ್ಟು, ಗಾಬರಿಯಲ್ಲಿ ಬಿಪಿ ಏರುವುದು ನಿಜ, ಮುಗಿದ ಮೇಲೆ ಇಳಿಯುವುದೂ ನಿಜ. ಕಾಡುವುದು ಟೆನ್ಷನ್ನಿನ ಬಾಲ. ರಾತ್ರಿ ಒಂದರವರೆಗೆ ಮೊಬೈಲು, ಐದು ಗಂಟೆ ನಿದ್ದೆ, ನಡಿಗೆ ಇಲ್ಲ, ಸಂಜೆ ಒಂದು ಪೆಗ್ಗು, ಜೊತೆಗೆ ಖಾರದ ಕಡಲೆ. ನನ್ನದನ್ನು ಹತ್ತಿರದಿಂದ ನೋಡಿದಾಗ ಕಂಡದ್ದು ಇದೇ. ವಾರದಲ್ಲಿ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆದರೆ ಕೆಲವು ಅಂಕ ಇಳಿಯುತ್ತದೆ. ಮಾತಾಡಬಹುದು ಆದರೆ ಹಾಡಲಾಗದು, ಅಷ್ಟು ಬಿರುಸು ಸಾಕು. ನಿಧಾನ ಉಸಿರಾಟವೂ ಸಹಾಯ ಮಾಡುತ್ತದೆ: ನಾಲ್ಕು ಎಣಿಸುತ್ತಾ ಎಳೆದು, ಆರು ಎಣಿಸುತ್ತಾ ಬಿಡಿ, ನಿಮಿಷಕ್ಕೆ ಆರು ಉಸಿರು. ನಾನು ಮೆಟ್ರೋದಲ್ಲಿ ಮಾಡುತ್ತೇನೆ. ಇದು ಮಾತ್ರೆಗೆ ಬದಲು ಅಂತ ಮಾತ್ರ ಯಾರೂ ತಿಳಿಯಬಾರದು.

ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತು, ದಡಕ್ಕನೆ ಮತ್ತೆ ಶುರುವಾಗುತ್ತದೆ, ಹಗಲೆಲ್ಲ ತೂಕಡಿಕೆ ಅಂತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ನಿದ್ದೆಯ ಉಸಿರಿನ ತೊಂದರೆಯಿಂದ ಬಿಪಿ ಏರುವುದು ಸಾಮಾನ್ಯ. ಇದನ್ನು ಹೇಳಬೇಕಾದವರು ಪಕ್ಕದಲ್ಲಿ ಮಲಗುವವರು, ಗೊರಕೆ ಹೊಡೆಯುವವರು ಒಪ್ಪುವುದೇ ಇಲ್ಲ.

ಡಾಕ್ಟರ ಮುಂದೆ ಮೂರು ನಿಮಿಷ

ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿ ಕ್ಲಿನಿಕ್ ಆಗಲಿ ನಿಮಗೆ ಸಿಗುವುದು ಅಷ್ಟೇ ಹೊತ್ತು. "ಬಿಪಿ ಸ್ವಲ್ಪ ಜಾಸ್ತಿ ಬರ್ತಾ ಇದೆ ಸಾರ್" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಒಂದು ಹಾಳೆಯಲ್ಲಿ ವಾರದ ಸಂಖ್ಯೆ, ಕೆಳಗೆ ಸರಾಸರಿ, ಮಾತ್ರೆಯ ಹೆಸರು, ದಿನಾ ಎಷ್ಟು ಹೊತ್ತಿಗೆ, ಯಾವ ದಿನ ಮರೆತಿರಿ ಅಂತ ಬರೆದು ಕೊಡಿ. ಮರೆತದ್ದನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಮಾತ್ರೆ ಸಾಲುತ್ತಿಲ್ಲ ಅಂತ ತಿಳಿದು ಅವರು ಡೋಸ್ ಏರಿಸುತ್ತಾರೆ.

ಸಂಖ್ಯೆ ಸರಿಯಾಯಿತು ಅಂತ ಮಾತ್ರೆ ನಿಲ್ಲಿಸುವವರು ಬಹಳ. ಸರಿಯಾಗಿದ್ದು ಮಾತ್ರೆ ತಿನ್ನುತ್ತಿದ್ದುದಕ್ಕೇ. ಆಮ್ಲೋಡಿಪಿನ್ ತಿಂದು ಪಾದದ ಗಂಟು ಊದುವುದು, ಎನಲಾಪ್ರಿಲ್ ಅಥವಾ ರಾಮಿಪ್ರಿಲ್ ತಿಂದು ಒಣ ಕೆಮ್ಮು ಬರುವುದು ಗೊತ್ತಿರುವ ವಿಷಯ. ಹೇಳಿದರೆ ಬೇರೆ ಮಾತ್ರೆ ಕೊಡುತ್ತಾರೆ. ಕೆಲವು ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ಬಿಪಿ ಇನ್ನೂ ಜೋರಾಗಿ ಎಗರುತ್ತದೆ. ದುಡ್ಡು ತೊಂದರೆ ಅಂತ ಬಿಡುವುದಾದರೆ ಅದನ್ನೂ ಬಾಯಿಬಿಟ್ಟು ಹೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ನಗರಗಳ ನಮ್ಮ ಕ್ಲಿನಿಕ್ಕಿನಲ್ಲಿ ಬಿಪಿ ನೋಡಿ ಮಾತ್ರೆ ಕೊಡುತ್ತಾರೆ. ಜನೌಷಧಿ ಅಂಗಡಿಯಲ್ಲಿ ಅದೇ ಔಷಧಿ ಬಹಳ ಅಗ್ಗ.

ಅಮ್ಮನಿಗೆ ನಾನು ಒಂದು ಚೆಂದದ ನೋಟ್‌ಬುಕ್ ತಂದುಕೊಟ್ಟಿದ್ದೆ, ಗೆರೆ ಎಳೆದು, ಬೆಳಗ್ಗೆ ರಾತ್ರಿ ಅಂತ ಕಾಲಂ ಮಾಡಿ. ಅದು ಇವತ್ತಿಗೂ ಖಾಲಿ ಇದೆ. ಅವಳು ಬರೆಯುವುದು ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ. ಹೋದ ತಿಂಗಳು ಡಾಕ್ಟರಿಗೆ ಆ ಹಾಳೆಯ ಫೋಟೋ ತೋರಿಸಿದೆವು. ಹದಿನಾಲ್ಕನೇ ತಾರೀಖಿನ ಚೌಕದಲ್ಲಿ "ಹಾಲು ಅರ್ಧ, 132/80" ಅಂತಿತ್ತು. ಹದಿನೈದರಲ್ಲಿ "ಹಾಲು ಬರಲಿಲ್ಲ, 144/86".